ಚಾಕಲೇಟಿಲ್ಲದ ಹುಟ್ಟುಹಬ್ಬ

ನಮ್ಮ ಶಾಲೆಯ ಹಳೆಯ ಜನರಲ್ ರಜಿಸ್ಟರ್ ತೆಗೆದು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಪುಟ ತಿರುವಿದಷ್ಟೂ ಜನ್ಮ ತಾರೀಖಿನ ಕಾಲಮ್ಮಿನಲ್ಲಿ ಜೂನ್ 1, ಜೂನ್ 1, ಜೂನ್ 1. ಜತ್ತ ತಾಲೂಕಿನ ಈ ಊರಿನವರೆಲ್ಲ ಒಂದೇ ದಿನ ಹುಟ್ಟಿದರೇನು ಅನ್ನಬೇಕು! ತಾಯಿಗೆ ನೆನಪಿರುತ್ತಿದ್ದದ್ದು "ಯಲ್ಲಮ್ಮನ ಜಾತ್ರಿ ಮುಂದ", "ದೊಡ್ಡ ಬರ ಬಿತ್ತಲ್ರಿ, ಅದರ ಮರುವರ್ಷ" ಅಷ್ಟೇ. ಗುರೂಜಿ ಹುಡುಗನ ಮೈಕಟ್ಟು ನೋಡಿ, ಆರು ವರ್ಷ ತುಂಬಿದ ಲೆಕ್ಕ ಹಿಡಿದು, ಜೂನ್ 1 ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಈಗ ಇಲ್ಲಿ ಕಲಿಸುತ್ತಿರುವ ನಾವಿಬ್ಬರೂ ಅದೇ ತಾರೀಖಿನವರು. ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮದಿಂದ ನಮಗೆ ಮೇ 31ಕ್ಕೇ ಬೀಳ್ಕೊಡುಗೆ. ಜೂನ್ 1 ಬೇಸಿಗೆ ರಜೆಯಲ್ಲಿ ಬರುತ್ತಿದ್ದುದರಿಂದ ನಮ್ಮ ಹುಟ್ಟುಹಬ್ಬಕ್ಕೆ ಯಾರಿಗೂ ಒಂದು ಪೈಸೆ ಖರ್ಚಿರಲಿಲ್ಲ.

ಈಗಿನ ಮಕ್ಕಳು ದವಾಖಾನೆಯ ದಾಖಲೆ ಹಿಡಿದೇ ಬರುತ್ತಾರೆ, ಪ್ರತಿಯೊಬ್ಬರಿಗೂ ತಮ್ಮದೇ ದಿನ ಇದೆ. ಖುಷಿಯಾಗಿ ನಾವೇ ಒಂದು ಪದ್ಧತಿ ಶುರು ಮಾಡಿದೆವು. ಮುಂಜಾನೆಯ ಪರಿಪಾಠದಲ್ಲಿ ಆ ದಿನದ ಮಗುವನ್ನು ಮುಂದೆ ನಿಲ್ಲಿಸಿ ಎಲ್ಲರೂ ಚಪ್ಪಾಳೆ ತಟ್ಟುವುದು. ಮಗು ಚಾಕಲೇಟು ಹಂಚುವುದು. ರೂಪಾಯಿಗೊಂದು ಚಾಕಲೇಟು, ನಮ್ಮಲ್ಲಿ 46 ಮಕ್ಕಳು. ಏನು ಮಹಾ ಅಂದುಕೊಂಡಿದ್ದೆವು. ಆದರೆ ಒಬ್ಬ ಪೆನ್ನು ಕೊಟ್ಟ. ಮುಂದಿನವ ವಹಿ ಕೊಟ್ಟ. ಟ್ರಕ್ಕಿನ ಮಾಲೀಕರೊಬ್ಬರ ಮಗನಿಗೆ ಜತ್ತದಿಂದ ಕೇಕೇ ಬಂತು, ಮೇಲೆ ಅವನ ಫೋಟೋ ಬೇರೆ! ನಾವೂ ಕೇಕು ತಿಂದು ಕೈ ಒರೆಸಿಕೊಂಡೆವು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಆ ಜನವರಿಯಲ್ಲಿ ಮೂರನೇ ಇಯತ್ತೆಯ ಒಬ್ಬ ಹುಡುಗಿ ಶಾಲೆಗೆ ಬರಲಿಲ್ಲ. ಒಂದು ದಿನವೂ ತಪ್ಪಿಸುವ ಕೂಸಲ್ಲ ಅದು. ಅಪ್ಪ ಅವ್ವ ದೀಪಾವಳಿ ಮುಂದೆಯೇ ಕಬ್ಬು ಕಡಿಯಲು ಹೋದವರು, ಮನೆಯಲ್ಲಿ ಅಜ್ಜಿ ಮಾತ್ರ. ಜ್ವರ ಬಂತೋ ಏನೋ ಅಂತ ಮಧ್ಯಾಹ್ನ ಹೋದರೆ ಹುಡುಗಿ ಹಿತ್ತಲಲ್ಲಿ ಆಡಿನ ಮರಿ ಜೊತೆ ಕೂತಿತ್ತು. ನಮ್ಮನ್ನು ನೋಡಿ ಒಳಗೆ ಓಡಿತು.

"ಜ್ವರಾ ಇಲ್ಲ, ಏನೂ ಇಲ್ರೀ ಸರ. ಇವತ್ತ ಅಕೀದು ಹುಟ್ಟಿದ ದಿನಾ ಅಂತ. ಚಾಕಲೇಟಿಗೆ ರೊಕ್ಕ ಇಲ್ಲಾ, ನಾ ಸಾಲಿಗೆ ಹೋಗಂಗಿಲ್ಲ ಅಂತ ಕುಂತಾಳ" ಅಂದಳು ಅಜ್ಜಿ. ಅವಳ ದನಿಯಲ್ಲಿ ದೂರೂ ಇರಲಿಲ್ಲ. ನಮಗೆ ಚಹಾ ಇಟ್ಟಳು. ಅದು ಗಂಟಲಿಗೆ ಇಳಿಯಲಿಲ್ಲ.

ಬರುವಾಗ ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಶಾಲೆಗೆ ಬಂದು ಹಾಜರಿ ಪಟ ತೆಗೆದು ಹಿಂದಿನ ತಿಂಗಳುಗಳನ್ನು ನೋಡಿದರೆ ಇನ್ನೂ ಮೂವರು ತಮ್ಮ ತಮ್ಮ ಹುಟ್ಟಿದ ದಿನವೇ ಗೈರು. ನಮಗೆ ಅದು ಕಂಡಿರಲೇ ಇಲ್ಲ.

ಚಾಕಲೇಟು ಅಂದಿಗೇ ನಿಂತಿತು. ಈಗ ಪ್ರತಿ ತಿಂಗಳ ಕೊನೆಯ ಶನಿವಾರ ಆ ತಿಂಗಳು ಹುಟ್ಟಿದವರೆಲ್ಲರದೂ ಒಟ್ಟಿಗೆ. ರಜೆಯಲ್ಲಿ ಹುಟ್ಟಿದವರದು ಜೂನ್ ಕೊನೆಯಲ್ಲಿ. ಚುರುಮುರಿ, ಪುಟಾಣಿ ನಮ್ಮಿಬ್ಬರ ಖರ್ಚು. ಶೇಂಗಾ ಬೆಳೆದವರು ಒಂದು ಬೊಗಸೆ ತರುತ್ತಾರೆ, ಉಳ್ಳಾಗಡ್ಡಿ ಹೆಚ್ಚಲು ನಾಲ್ಕನೇ ಇಯತ್ತೆಯವರ ನಡುವೆ ಜಗಳವೇ ಆಗುತ್ತದೆ. ಇದುವರೆಗೆ ಯಾವ ತಿಂಗಳೂ 300 ರೂಪಾಯಿ ದಾಟಿಲ್ಲ. ಇನ್ನೊಂದು ಉಡುಗೊರೆ ಇದೆ. ಪಠ್ಯಪುಸ್ತಕ ನಮಗೆ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ, ಆದರೆ ಕತೆ ಪುಸ್ತಕ ಈ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ. ವಿಜಯಪುರಕ್ಕೆ ಹೋದಾಗ ಒಂದೆರಡು ತರುತ್ತೇವೆ. ಆ ತಿಂಗಳ ಮಕ್ಕಳು ಅದನ್ನು ಎಲ್ಲರಿಗಿಂತ ಮೊದಲು ಮನೆಗೆ ಒಯ್ದು ಓದಿ, ಒಳಪುಟದಲ್ಲಿ ಹೆಸರು ಬರೆದು ಕೊಡಬೇಕು. ಬರೆಯುವಾಗ ನಾಲಿಗೆ ಹೊರಗೆ ಬಂದಿರುತ್ತದೆ ನೋಡಿ..

ಟ್ರಕ್ಕಿನ ಮಾಲೀಕರಿಗೆ ಮಾತ್ರ ಬೇಸರವಾಯಿತು. ಬಿಸಿಯೂಟದಲ್ಲಿ ತಿಥಿ ಭೋಜನ ಅಂತ ಒಂದು ಅವಕಾಶ ಇದೆ. 2021ರಲ್ಲಿ ಯೋಜನೆಗೆ ಪಿಎಂ ಪೋಷಣ್ ಅಂತ ಹೆಸರಾದಾಗ ಸರಕಾರ ಇದಕ್ಕೆ ಒತ್ತು ಕೊಟ್ಟಿತು. ಹುಟ್ಟುಹಬ್ಬಕ್ಕೋ ಹಬ್ಬಕ್ಕೋ ಮನಸ್ಸಿದ್ದವರು ಎಲ್ಲ ಮಕ್ಕಳಿಗೂ ಒಂದು ವಿಶೇಷ ಊಟ ಹಾಕಬಹುದು. ಅವರಿಗೆ ಇದನ್ನು ಹೇಳಿದರೆ, "ಬಂಗಾರದಂಥಾ ಮಗನ ಹುಟ್ಟುಹಬ್ಬಕ್ಕ ತಿಥಿ ಮಾಡು ಅಂತೀರೇನ್ರೀ?" ಅಂತ ಎದ್ದೇ ಹೋದರು. ತಪ್ಪು ಅವರದಲ್ಲ, ಹೆಸರಿಟ್ಟವರಿಗೆ ಕನ್ನಡ ಬರುತ್ತಿರಲಿಲ್ಲ ಅಷ್ಟೇ. ಆಮೇಲೆ ಆ ಶಬ್ದ ಬಿಟ್ಟು "ಹುಗ್ಗಿ ಊಟ" ಅಂದೆವು. ಕೇಕಿನ ಆಸೆ ಅವರು ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೆ ಗೋಧಿ ಹುಗ್ಗಿ ಎರಡು ಸಲ ಹಾಕಿಸಿದ್ದಾರೆ.

ಆ ಹುಡುಗಿ ಈಗ ನಾಲ್ಕನೇ ಇಯತ್ತೆ. ಈ ಜನವರಿಯ ಕೊನೆಯ ಶನಿವಾರ ಅಜ್ಜಿ ಸೆರಗಿನಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಚುರುಮುರಿ ಕಲಿಸುತ್ತಿದ್ದಾಗ ಕಬ್ಬಿನ ಹೊಲದಿಂದ ಫೋನ್ ಬಂತು. ಸ್ಪೀಕರ್ ಹಾಕಿದೆವು. ಆ ಕಡೆ ಟ್ರ್ಯಾಕ್ಟರಿನ ಸದ್ದು, ನಡುವೆ ಅವಳ ಅವ್ವನ ದನಿ: "ಉಂಡೇನವಾ?"

"ಇಲ್ಲಬೇ, ಇನ್ನೂ ಎಲ್ಲಾರಿಗೂ ಹಂಚಬೇಕು" ಅಂದು ಹುಡುಗಿ ಪುಟ್ಟಿ ಎತ್ತಿಕೊಂಡಳು.