ಕಂದುಕಪಾಠ

ಉಪ್ಪಾರಹಳ್ಳಿಯ ನಮ್ಮ ಮನೆಯ ಎದುರಿಗೆ ಇನ್ನೂ ಕಟ್ಟಡವೇಳದ ನಿವೇಶನವೊಂದುಂಟು. ಸಾಯಂಕಾಲವಾಯಿತೆಂದರೆ ಬೀದಿಯ ಬಾಲಕರು ಅಲ್ಲಿ ಕಾಲ್ಚೆಂಡಾಡುವರು. ಅವರ ನಡುವೆ ಒಬ್ಬಳೇ ಬಾಲಿಕೆ. ಅವಳು ಒಂಬತ್ತು ವರುಷದ ನಮ್ಮ ಮೊಮ್ಮಗಳು. ಸ್ಪೇನ್ ದೇಶದ ಐತಾನಾ ಬೊನ್ಮತಿಯ ಹೆಸರನ್ನು ನಮಗೆ ಉಪದೇಶಿಸಿದವಳು ಇವಳೇ. ಅರವತ್ತರ ವಯಸ್ಸಿನಲ್ಲಿ ನಾವು ಶಿಷ್ಯರಾದೆವು.

ಐತಾನಾ ಹುಟ್ಟಿದ್ದು 1998ರ ಜನವರಿಯಲ್ಲಿ, ಬಾರ್ಸಿಲೋನಾ ನಗರದ ಸಮೀಪದ ಸಣ್ಣ ಊರಿನಲ್ಲಿ. ತಂದೆತಾಯಿಗಳಿಬ್ಬರೂ ಕತಲಾನ್ ಭಾಷೆಯ ಅಧ್ಯಾಪಕರು. ಮಗುವಿನ ಹೆಸರಿನೊಡನೆ ತಂದೆಯ ಮನೆತನದ ಹೆಸರೇ ಮೊದಲು ಬರಬೇಕೆಂಬ ಅಂದಿನ ಕಾಯಿದೆಯನ್ನು ಅವರು ಒಪ್ಪದೆ ಹೋರಾಡಿದರು. 1999ರಲ್ಲಿ ಕಾಯಿದೆಯು ಬದಲಾಯಿತು. 'ಬೊನ್ಮತಿ' ಎಂಬುದು ತಾಯಿಯ ಹೆಸರು. ಇದನ್ನು ಕೇಳಿದಾಗ ನಮಗೆ ಛಾಂದೋಗ್ಯದಲ್ಲಿ ಗುರುವಿನೆದುರು ತಾಯಿಯ ಹೆಸರನ್ನೇ ಹೇಳಿಕೊಂಡ ಸತ್ಯಕಾಮ ಜಾಬಾಲನ ನೆನಪಾಯಿತು.

ಹುಡುಗಿಯು ಬಾಲ್ಯದಲ್ಲಿ ಹುಡುಗರೊಡನೆಯೇ ಆಡಿ ಪಳಗಿದಳು. ಅವಳದು ಮಧ್ಯಾಂಗಣದ ಸ್ಥಾನ. ಶ್ಲೋಕದಲ್ಲಿ ಚದುರಿದ ಪದಗಳನ್ನು ಅನ್ವಯವು ಕೂಡಿಸುವಂತೆ, ಹಿಂದಿನವರನ್ನೂ ಮುಂದಿನವರನ್ನೂ ಜೋಡಿಸುವುದೇ ಆ ಸ್ಥಾನದ ಧರ್ಮ. 2023ರಲ್ಲಿ ಸ್ಪೇನ್ ಸಿಡ್ನಿಯಲ್ಲಿ ಇಂಗ್ಲೆಂಡನ್ನು 1–0ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ, ಆ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ ಇವಳೇ. 'ಬಾಲನ್ ಡೋರ್' ಎಂಬ ಸುವರ್ಣಕಂದುಕವು 2023, 2024, 2025ರಲ್ಲಿ ಸತತವಾಗಿ ಇವಳಿಗೆ ಸಂದಿತು.

ವಾಚಕರೆ, ಇದನ್ನೆಲ್ಲ ಬರೆಯಲು ನಮಗೆ ಬೇರೊಂದು ಕಾರಣವುಂಟು. ಈಗ್ಗೆ ಸುಮಾರು ಮೂವತ್ತು ವರುಷಗಳ ಕೆಳಗೆ, ಶಾಲೆಯೊಂದರಲ್ಲಿ ನಾವು ಸಂಸ್ಕೃತವನ್ನು ಬೋಧಿಸುತ್ತಿದ್ದೆವು. ಒಂದು ದಿನ ಬೆಳಿಗ್ಗೆ, ದಂಡಿಯ ದಶಕುಮಾರಚರಿತದಲ್ಲಿ ರಾಜಪುತ್ರಿ ಕಂದುಕಾವತಿಯು ದೇವಿಯ ಪ್ರೀತ್ಯರ್ಥವಾಗಿ ಚೆಂಡಾಡುವ ಪ್ರಸಂಗವನ್ನು ರಸವತ್ತಾಗಿ ವರ್ಣಿಸಿದೆವು. ಅದೇ ಸಂಜೆ, ಆ ತರಗತಿಯ ಹುಡುಗಿಯೊಬ್ಬಳು ಹುಡುಗರ ಜೊತೆ ಚೆಂಡನ್ನು ಒದೆಯುತ್ತಿದ್ದುದು ಕಣ್ಣಿಗೆ ಬಿತ್ತು. ಕರೆದು, ಎಲ್ಲರ ಮುಂದೆ, "ಹೆಣ್ಣುಮಕ್ಕಳಿಗೆ ಇದು ತಕ್ಕುದಲ್ಲ" ಎಂದು ಗದರಿಸಿದೆವು. ಅವಳು ಮೆಲ್ಲನೆ, "ಕಂದುಕಾವತಿಯೂ ಹೆಣ್ಣಲ್ಲವೆ, ಮೇಷ್ಟ್ರೇ?" ಎಂದಳು. ಉತ್ತರವು ತೋಚದೆ, ಅದನ್ನು ಉದ್ಧಟತನವೆಂದು ಕರೆದು, ಗಂಟೆ ಹೊಡೆಯುವವರೆಗೆ ಅವಳನ್ನು ನಿಲ್ಲಿಸಿದೆವು. ಆಮೇಲೆ ಅವಳು ಆಟದ ಬಯಲಿಗೆ ಕಾಲಿಡಲಿಲ್ಲ.

2025ರ ಜುಲೈ 27ರ ರಾತ್ರಿ ನಾವು ಮೊಮ್ಮಗಳೊಡನೆ ಯೂರೋಪಿನ ಅಂತಿಮ ಪಂದ್ಯವನ್ನು ನೋಡಿದೆವು. ಪಂದ್ಯಾವಳಿಗೆ ಕೆಲವೇ ದಿನಗಳ ಮುಂಚೆ ಐತಾನಾ ಮೆದುಳುಪೊರೆಯ ಉರಿಯೂತದಿಂದ ಆಸ್ಪತ್ರೆಯನ್ನು ಸೇರಿದ್ದಳು. ಎದ್ದು ಬಂದು, ಉಪಾಂತ್ಯದಲ್ಲಿ ಜರ್ಮನಿಯ ವಿರುದ್ಧ 113ನೆಯ ನಿಮಿಷದಲ್ಲಿ ಗೆಲುವಿನ ಗೋಲನ್ನು ಹೊಡೆದಿದ್ದಳು. ಆದರೆ ಅಂತಿಮ ಪಂದ್ಯವು 1–1ರಲ್ಲಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಇವಳ ಚೆಂಡನ್ನೇ ಇಂಗ್ಲೆಂಡಿನ ಗೋಲುರಕ್ಷಕಿ ತಡೆದಳು. ಸ್ಪೇನ್ ಸೋತಿತು.

ಮೊಮ್ಮಗಳು ಅತ್ತಳು. ಸಮಾಧಾನಕ್ಕೆಂದು, "ಸಾಕು ಮಗು, ಇದು ಬರಿಯ ಆಟ" ಎಂದೆವು. ಅವಳು ಕಣ್ಣೊರಸಿಕೊಂಡು, "ತಾತ, ನಾಳೆ ನೀವು ಗೋಲಿನಲ್ಲಿ ನಿಲ್ಲಿ, ನಾನು ಒದೆಯುವುದನ್ನು ಕಲಿಯಬೇಕು" ಎಂದಳು.

ಅಂದು ನಿಲ್ಲಿಸಿದ ಆ ಹುಡುಗಿಯು ಇಂದು ಎಲ್ಲಿರುವಳೋ ನಾವರಿಯೆವು. ಈ ಪತ್ರಿಕೆಯು ಅವಳ ಮನೆಗೂ ಬರುತ್ತಿದ್ದರೆ, ಅವಳ ಪ್ರಶ್ನೆಗೆ ನಮ್ಮ ಉತ್ತರವಿದು: ಹೌದಮ್ಮ, ಕಂದುಕಾವತಿಯೂ ಹೆಣ್ಣೇ. ಮರುದಿನ ಸಂಜೆ ನಾವು ಪಂಚೆಯನ್ನು ಮೇಲೆ ಕಟ್ಟಿ, ಎರಡು ಕಲ್ಲುಗಳ ನಡುವೆ ಹೋಗಿ ನಿಂತೆವು.