ಬಸ್ಸಿನ ನೂಕುನುಗ್ಗಲು ಮತ್ತು ಶಾಲೆಯ ಗಂಟೆ

ಸ್ಮರಣಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಹಳೆಯ ವಿದ್ಯಾರ್ಥಿನಿಯರು ವಾಡಿಕೆಯಂತೆ ಬರೆಯುವ ಗುರುಸ್ಮರಣೆ, ವಸತಿಗೃಹದ ಊಟ, ವಾರ್ಷಿಕೋತ್ಸವದ ನಾಟಕ ಇವುಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳಬೇಕೆಂದು ಮೊದಲು ನಾವೂ ಎಣಿಸಿದ್ದೆವು. ಆದರೆ ಲೇಖನಿ ಹಿಡಿದು ಕುಳಿತಾಗ ಕಣ್ಣಮುಂದೆ ಬಂದು ನಿಂತದ್ದು ಶಾಲೆಯಲ್ಲ, ಒಂದು ಬಸ್ಸು. ವಾಚಕರು ನಗಬಾರದು. ನಾವು ಈ ಶಾಲೆಯನ್ನು ಸೇರಿದ್ದೇ ಆ ಬಸ್ಸಿನ ದೆಸೆಯಿಂದ.

ನಮ್ಮ ಹುಟ್ಟೂರು ಗಂಗಾವತಿ ಸೀಮೆಯ ಹೇಮಗುಡ್ಡ. ಹಳೆಯ ಕೋಟೆ, ದುರ್ಗಾಪರಮೇಶ್ವರಿಯ ಗುಡಿ, ಹಿರಿಯರ ಬಾಯಲ್ಲಿ ಕುಮಾರರಾಮನ ಕಥೆ, ಇಷ್ಟೆಲ್ಲ ಇದ್ದ ಊರಿನಲ್ಲಿ ಐವತ್ತು ವರುಷಗಳ ಹಿಂದೆ ನಮಗೆ ಬೇಕಾದ ಹೈಸ್ಕೂಲು ಮಾತ್ರ ಇರಲಿಲ್ಲ. ಏಳನೆಯ ಇಯತ್ತೆ ಮುಗಿದ ಮೇಲೆ ಗಂಗಾವತಿಗೆ ಹೋಗಬೇಕು. ಹೋಗುವದಕ್ಕೆ ಮುಂಜಾನೆ ಒಂದೇ ಬಸ್ಸು. ಅದು ಮೇಲಿನ ಊರುಗಳಿಂದಲೇ ತುಂಬಿಕೊಂಡು ಬರುತ್ತಿತ್ತು. ಸಂತೆಯ ಬುಟ್ಟಿ, ಕೋರ್ಟಿನ ಕಾಗದ ಹಿಡಿದ ರೈತರು, ಅಕ್ಕಿ ಗಿರಣಿಗೆ ಹೋಗುವ ಹಮಾಲರು, ಕಾಲೇಜಿನ ತರುಣರು, ಇವರೆಲ್ಲರ ನಡುವೆ ಹೈಸ್ಕೂಲಿನ ನಾವು. ಬಸ್ಸು ನಿಲ್ಲುವ ಮೊದಲೇ ಚತುರರು ಕಿಡಕಿಯಿಂದ ಟವೆಲನ್ನು ಎಸೆದು ಸೀಟು ಹಿಡಿಯುತ್ತಿದ್ದರು. ನಮ್ಮ ಬಳಿ ಟವೆಲು ಇರಲಿಲ್ಲ. ಇದ್ದರೂ ಎಸೆಯುವಷ್ಟು ಎತ್ತರ ಕೈ ನಿಲುಕುತ್ತಿರಲಿಲ್ಲ. “ಒಳಗ ಸರೀರಿ, ನಡುವ ಜಾಗಾ ಐತಿ” ಎಂದು ಕಂಡಕ್ಟರರು ಕೂಗುತ್ತಲೇ ಇರುತ್ತಿದ್ದರು. ಆ ನಡುವಿನ ಜಾಗವನ್ನು ನಾವು ಒಂದು ದಿನವೂ ಕಾಣಲಿಲ್ಲ. ಹೆಣ್ಣುಮಕ್ಕಳು ಪುಸ್ತಕದ ಚೀಲವನ್ನು ಬೆನ್ನಿಗೆ ಹಾಕದೆ ಎದೆಗೆ ಅವಚಿಕೊಂಡು ನಿಲ್ಲುತ್ತಿದ್ದುದು ಏಕೆಂಬದನ್ನು ಈ ಸಂಚಿಕೆಯನ್ನು ಓದುವ ತಾಯಂದಿರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ನಮ್ಮೊಡನೆ ಒಬ್ಬ ಗೆಳತಿ ಇದ್ದಳು. ಅಂಕಗಣಿತದಲ್ಲಿ ನಮಗಿಂತ ಎಷ್ಟೋ ಮುಂದು. ಮಳೆಗಾಲದ ಒಂದು ವಾರದಲ್ಲಿ ಬಸ್ಸು ಮೂರು ದಿನ ನಿಲ್ಲದೆಯೇ ಹೋಯಿತು. ಚಾಲಕನನ್ನು ನಾವು ದೂರಲಾರೆವು. ಬಾಗಿಲಿನಲ್ಲಿಯೇ ಐದಾರು ಜನ ಜೋತಾಡುತ್ತಿರುವಾಗ ಅವನು ನಿಲ್ಲಿಸಿ ಮಾಡುವದಾದರೂ ಏನು? ನಾಲ್ಕನೆಯ ದಿನ ಹೇಗೋ ಹತ್ತಿದೆವು. ಇಳಿಯುವಾಗ ಅವಳ ಲಂಗ ಹರಿದು, ಚೀಲದ ಪಟ್ಟಿ ಕಿತ್ತು, ಪುಸ್ತಕಗಳು ಕೆಸರಿಗೆ ಬಿದ್ದವು. ಆ ಸಂಜೆ ಅವಳ ತಂದೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಮ್ಮ ತಂದೆಯವರಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಸಾಲಿ ಸಾಕ್ರಿ. ದಿನಾ ಈ ನೂಕಾಟದಾಗ ಹೆಣ್ಣುಹುಡುಗೀನ್ನ ಕಳಸೂದು ನನ್ನಿಂದ ಆಗೂದಿಲ್ಲ.” ನಮ್ಮ ತಂದೆಯವರಿಗೆ ಸ್ವಲ್ಪ ಅನುಕೂಲವಿತ್ತು, ಅವರು ನಮ್ಮನ್ನು ಈ ಶಾಲೆಯ ವಸತಿಗೃಹಕ್ಕೆ ತಂದು ಬಿಟ್ಟರು. ಅವಳ ತಂದೆಗೆ ಅದು ಇರಲಿಲ್ಲ. ಎರಡು ವರುಷಗಳಲ್ಲಿ ಅವಳ ಲಗ್ನವಾಯಿತು.

ಮುಂದೆ ಉದ್ಯೋಗದ ನಿಮಿತ್ತ ಹುಬ್ಬಳ್ಳಿಯಲ್ಲಿ ಮನೆ ಮಾಡಿ ಧಾರವಾಡಕ್ಕೆ ದಿನಾಲು ಹೋಗಿ ಬರುವದು ನಮ್ಮ ಪಾಲಿಗೆ ಬಂದಿತು. ಬಸ್ಸುಗಳಿಗೆ ಅಲ್ಲಿ ಕೊರತೆಯಿರಲಿಲ್ಲ, ನೂಕುನುಗ್ಗಲಿಗೂ ಕೊರತೆಯಿರಲಿಲ್ಲ. ಇದೇನು ವಿಚಿತ್ರವೆಂದು ನಿಲ್ದಾಣದಲ್ಲಿ ಕಾಯುತ್ತ ಯೋಚಿಸಿದ್ದುಂಟು. ಕಾಯುವವರಿಗೆ ಯೋಚನೆಗೆ ಬೇಕಾದಷ್ಟು ಸಮಯ ದೊರೆಯುತ್ತದೆ. ಹತ್ತು ನಿಮಿಷಕ್ಕೊಂದರಂತೆ ಬಸ್ಸು ಬರಬೇಕು, ನಿಮಿಷಕ್ಕೆ ಮೂವರಂತೆ ಜನ ಸೇರುತ್ತಾರೆ ಎಂದು ಇಟ್ಟುಕೊಳ್ಳಿರಿ. ಒಂದು ಬಸ್ಸು ಐದು ನಿಮಿಷ ತಡವಾದರೆ ಅದಕ್ಕಾಗಿ 30 ಜನರ ಬದಲು 45 ಜನ ಕಾದಿರುತ್ತಾರೆ. ಅವರನ್ನು ಹತ್ತಿಸಿಕೊಳ್ಳುವದರಲ್ಲಿ ಅದು ಮತ್ತಷ್ಟು ತಡವಾಗುತ್ತದೆ. ಮುಂದಿನ ನಿಲ್ದಾಣದಲ್ಲಿ ಇನ್ನಷ್ಟು ಜನ. ಅದರ ಹಿಂದಿನ ಬಸ್ಸಿಗೆ ಉಳಿಯುವವರು 15 ಜನ. ಅದು ಬೇಗ ಬೇಗ ಓಡಿ ಮುಂದಿನದನ್ನು ಹಿಡಿದುಬಿಡುತ್ತದೆ. ಹೀಗಾಗಿ ಎರಡು ಬಸ್ಸುಗಳು ಜೋಡಿಯಾಗಿ ಬರುವವು, ಮೊದಲನೆಯದರಲ್ಲಿ ಕಾಲಿಡಲು ಸ್ಥಳವಿಲ್ಲ, ಎರಡನೆಯದು ಬರಿದು. ನಾವೆಲ್ಲ ಮೊದಲನೆಯದಕ್ಕೇ ನುಗ್ಗುತ್ತಿದ್ದೆವೆಂಬದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಮನುಷ್ಯರು ಹತ್ತುವದಕ್ಕೆ ಹಿಡಿಯುವ ಈ ಕಾಲವನ್ನೇ ಕಡಿಮೆ ಮಾಡುವ ಉಪಾಯವನ್ನು ದಕ್ಷಿಣ ಅಮೇರಿಕದ ಕುರಿತಿಬಾ ಎಂಬ ಪಟ್ಟಣದವರು ಬಹು ಹಿಂದೆಯೇ ಕಂಡುಕೊಂಡರು. ಅಲ್ಲಿ 1974ರಲ್ಲಿ ಬಸ್ಸುಗಳಿಗೆಂದೇ ಬೇರೆ ದಾರಿಯಾಯಿತು. 1991ರಲ್ಲಿ, ಹತ್ತುವ ಮೊದಲೇ ಹಣ ಕೊಟ್ಟು ಒಳಸೇರುವ ಎತ್ತರದ ನಿಲ್ದಾಣಗಳಾದವು. ಹುಬ್ಬಳ್ಳಿ ಧಾರವಾಡಗಳ ನಡುವೆ ಅದೇ ಮಾದರಿಯ ‘ಚಿಗರಿ’ ಬಸ್ಸುಗಳು 2018ರ ಅಕ್ಟೋಬರ್ ತಿಂಗಳಲ್ಲಿ ಪರೀಕ್ಷಾರ್ಥವಾಗಿ ಓಡಲಾರಂಭಿಸಿದವು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾದ ಉದ್ಘಾಟನೆ ನೆರವೇರಿತು. ಟಿಕೇಟು ನಿಲ್ದಾಣದಲ್ಲಿಯೇ, ಬಸ್ಸಿನ ನೆಲವೂ ನಿಲ್ದಾಣದ ನೆಲವೂ ಒಂದೇ ಮಟ್ಟ, ಮುದುಕಿಯರು ಮೆಟ್ಟಿಲು ಹತ್ತಬೇಕಾದ್ದಿಲ್ಲ. ಮೊದಲ ಸಲ ಅದನ್ನು ಹತ್ತಿದ ದಿನ ನಾವು ಅಭ್ಯಾಸಬಲದಿಂದ ಚೀಲವನ್ನು ಎದೆಗೆ ಅವಚಿಕೊಂಡಿದ್ದೆವು. ಆ ಏರ್ಪಾಡಿನ ವೆಚ್ಚದ ಕುರಿತೂ ಮಿಕ್ಕ ವಾಹನಗಳಿಗೆ ಇಕ್ಕಟ್ಟಾದ ರಸ್ತೆಯ ಕುರಿತೂ ಬೇಕಾದಷ್ಟು ಆಕ್ಷೇಪಗಳು ಬಂದವು. ಅವು ನಿರಾಧಾರವೆಂದು ನಾವು ಹೇಳುವದಿಲ್ಲ. ಆದರೆ ಹತ್ತುವದು ಸುಲಭವಾದರೆ ಅದೇ ಬಸ್ಸು ಹೆಚ್ಚು ಸಲ ಓಡಬಲ್ಲದೆಂಬದನ್ನು ಅಲ್ಲಿ ಕಣ್ಣಾರೆ ಕಂಡೆವು.

2023ನೆಯ ಇಸವಿ ಜೂನ್ 11ರಿಂದ ಸರಕಾರದವರು ‘ಶಕ್ತಿ’ ಯೋಜನೆಯ ಮೇರೆಗೆ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟರು. 2025ರ ಜುಲೈಯಲ್ಲಿ ಇಂಥ ಪ್ರಯಾಣಗಳ ಎಣಿಕೆ 500 ಕೋಟಿಯನ್ನು ಮುಟ್ಟಿತು. ಬಸ್ಸು ತುಂಬುವದಕ್ಕೆ ಹೆಂಗಸರೇ ಕಾರಣವೆಂದು ಆಡಿಕೊಳ್ಳುವವರೊಡನೆ ನಾವು ಬಸ್ಸಿನಲ್ಲಿ ನಿಂತುಕೊಂಡೇ ವಾದಿಸಿದ್ದುಂಟು. ನಮ್ಮ ಬಾಲ್ಯದ ಬಸ್ಸು ಯಾವ ಯೋಜನೆಯೂ ಇಲ್ಲದೆ ತುಂಬಿತ್ತು. ಆಗ ಇಳಿದು ಮನೆಗೆ ಹೋದವಳು ಹುಡುಗಿ. ಈಗ ಅವಳು ಇಳಿಯಲೊಲ್ಲಳು, ಅಷ್ಟೇ ವ್ಯತ್ಯಾಸ.

ನಿವೃತ್ತಿಯ ಬಳಿಕ ಅಣ್ಣನವರ ಮನೆಗೆಂದು ಹೇಮಗುಡ್ಡಕ್ಕೆ ಹೋದಾಗ, ಅರ್ಜಿ ಬರೆಯಲು ಬಲ್ಲವರೆಂದು ಊರವರು ನಮ್ಮನ್ನು ಹಿಡಿದರು. ಬೇಡಿಕೆ ಒಂದೇ: ಮುಂಜಾನೆಗೆ ಇನ್ನೊಂದು ಬಸ್ಸು. ಐದಾರು ಜನ ಕೂಡಿ ಡಿಪೋಕ್ಕೆ ಹೋದೆವು. ಅಲ್ಲಿಯ ಅಧಿಕಾರಿಗಳು ಚಹ ತರಿಸಿ, ಅರ್ಜಿಯನ್ನು ಪೂರ್ತಿ ಓದಿ, ಹೀಗೆಂದರು: “ಅಮ್ಮಾ, ಎಂಟಕ್ಕ ಕೇಳ್ರಿ, ಗಾಡಿ ಐತಿ. ಹನ್ನೊಂದಕ್ಕ ಕೇಳ್ರಿ, ಐತಿ. ಒಂಬತ್ತಕ್ಕ ಎಲ್ಲಾ ಊರಾಗೂ ಬೇಕು, ಎಲ್ಲಿಂದ ತರ್ಲಿ?” ಹೊಸ ಬಸ್ಸನ್ನು ಕೊಂಡರೂ ಅದು ಒಂದು ತಾಸು ದುಡಿದು ಉಳಿದ ಹೊತ್ತು ನೆರಳಿನಲ್ಲಿ ನಿಲ್ಲುವದು, ಚಾಲಕನಿಗೂ ಕಂಡಕ್ಟರನಿಗೂ ಮಾತ್ರ ದಿನದ ಸಂಬಳ. ನಮಗೆ ಉತ್ತರ ಹೊಳೆಯಲಿಲ್ಲ. ಹೊರಗೆ ಬಂದ ಮೇಲೆ, ಜೊತೆಗಿದ್ದ ಒಬ್ಬ ತರುಣಿ, “ಹಂಗಾದ್ರ ಗಂಟೀನ ಸರಿಸಿದ್ರ?” ಎಂದಳು.

ಅರ್ಜಿಯನ್ನು ಮಡಿಸಿ ಇಟ್ಟುಕೊಂಡು ಅದೇ ದಿನ ನಾವು ಒಂದು ಕಾಲೇಜಿಗೂ ಎರಡು ಶಾಲೆಗಳಿಗೂ ಹೋದೆವು. ಎಲ್ಲವೂ ಹತ್ತರ ಸುಮಾರಿಗೆ ಆರಂಭವಾಗುವವು. ಏಕೆ ಹತ್ತಕ್ಕೇ ಎಂದರೆ ಹಿಂದಿನಿಂದ ನಡೆದು ಬಂದದ್ದು ಎಂಬದೇ ಉತ್ತರ. ಒಂದು ಶಾಲೆಯವರು ಮಧ್ಯಾಹ್ನದ ಊಟದ ವೇಳೆ ಕೆಡುವದೆಂದು ಒಪ್ಪಲಿಲ್ಲ. ಇನ್ನೊಂದರಲ್ಲಿ ಮುಖ್ಯಾಧ್ಯಾಪಕರು ರಜೆಯಲ್ಲಿದ್ದರು. ಕಾಲೇಜಿನವರು ಮಾತ್ರ ಒಂದು ತಿಂಗಳು ತಡೆದು, ತಮ್ಮ ತರಗತಿಗಳನ್ನು ಒಂಬತ್ತಕ್ಕೆ ಮೊದಲು ಆರಂಭಿಸಿ ನೋಡಲು ಒಪ್ಪಿದರು. ಡಿಪೋದವರು ಮಾತಿಗೆ ತಪ್ಪಲಿಲ್ಲ. ಎಂಟಕ್ಕೆ ಕಾಲೇಜಿನವರನ್ನು ಕರೆದೊಯ್ದ ಬಸ್ಸೇ ತಿರುಗಿ ಬಂದು, ಮುಂಚಿನ ಒಂಬತ್ತರ ಬಸ್ಸಿನ ಬೆನ್ನಿಗೆ ಹೊರಡತೊಡಗಿತು.

ಕಳೆದ ಸಲ ಹೋದಾಗ ನಾವು ಆ ಹೊತ್ತಿಗೆ ರಸ್ತೆಯ ಬದಿಯಲ್ಲಿ ನಿಂತು ನೋಡಿದೆವು. ಎಲ್ಲರಿಗೂ ಸೀಟಿಲ್ಲ, ಹತ್ತು ಹನ್ನೆರಡು ಜನ ನಿಂತೇ ಹೋಗುತ್ತಾರೆ, ಸಂತೆಯ ದಿನ ಅದಕ್ಕೂ ಹೆಚ್ಚು. ಆದರೆ ಬಾಗಿಲು ಮುಚ್ಚುತ್ತದೆ. ನಮ್ಮ ಗೆಳತಿ ಮೊಮ್ಮಗಳನ್ನು ಕಳಿಸಲು ಬಂದಿದ್ದಳು. ಒಂಬತ್ತನೆಯ ತರಗತಿ, ಅಂಕಗಣಿತದಲ್ಲಿ ಅಜ್ಜಿಯನ್ನೇ ಹೋಲುವಳಂತೆ. ಹುಡುಗಿ ಹತ್ತಿ, ಕಂಬಿಯನ್ನು ಹಿಡಿದು, ಕಿಡಕಿಯಿಂದ ಕೈಮಾಡಿದಳು. ಚೀಲ ಬೆನ್ನಿನ ಮೇಲಿತ್ತು.