ಅಂದೋಲಾದ ಹಿತ್ತಲು, ಯುಗಾದಿ ಬಿಸಲು

ಬೆಂಗಳೂರಿನಿಂದ ಯುಗಾದಿಗೆ ಊರಿಗೆ ಬಂದರೆ, ಬೆಳಿಗ್ಗೆ ಹತ್ತಕ್ಕೇ ಅಂಗಳದ ಫರಸಿ ಕಾಲು ಸುಡ್ತಿತ್ತು. ಜೇವರ್ಗಿಯಿಂದ ಅಂದೋಲಾವರೆಗೂ ತೊಗರಿ, ಜೋಳ ಕೊಯ್ದ ಎರಿ ಹೊಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಕೆಲವು ಬಿರುಕಿನಲ್ಲಿ ಕೈಯೇ ಇಳಿಯುತ್ತದೆ. ಎರಿ ಮಣ್ಣಿನ ಗುಣವೇ ಹಾಗೆ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಸೀಳುತ್ತದೆ. ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಸೀಮೆ ನಮ್ಮದು.

ಹಿತ್ತಲದಲ್ಲಿ ಕರಿಬೇವು ಪಾತ್ರೆ ತೊಳೆದ ನೀರಿನ ಮೇಲೆ ಜೀವ ಹಿಡಿದಿದೆ. ಬೇವಿನ ಗಿಡ ಮಾತ್ರ ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ, ಈಗ ಕೆಂಪು ಚಿಗುರು, ಬಿಳಿ ಹೂವು ಹೊತ್ತು ನಿಂತಿದೆ. ನನ್ನ ಫೋನು 40 ಡಿಗ್ರಿ ತೋರಿಸುವಾಗ ಅವ್ವ ಅದರ ಬುಡದಲ್ಲಿ, ನೀರಿನ ಹರವಿ ಪಕ್ಕ ಕೂತು ತೊಗರಿಬ್ಯಾಳಿ ಹಸನ ಮಾಡ್ತಿದ್ದಳು.

ನಾನು ಬಂದದ್ದೇ ಆ ಬೇವು ಕಡಿಸಿ ಎ.ಸಿ. ರೂಮು ಕಟ್ಟಿಸುವ ಮಾತಿಗೆ.

"ಕರೆಂಟ್ ಹೋದ್ರ ಎಲ್ಲಿ ಕೂಡ್ಲಿ?" ಅಂದಳು ಅವ್ವ.

ಗೌಂಡಿಗೆ ಫೋನ್ ಮಾಡಿ ಬ್ಯಾಡ ಅಂದೆ. ರಾತ್ರಿ ಮಾಳಿಗಿ ಮೇಲೆ ಹಾಸಿಕೊಂಡೆವು. ಹನ್ನೊಂದರ ತನಕ ನೆಲ ಕಾವು ಬಿಡಲಿಲ್ಲ. ಆಮೇಲೆ ಬೇವಿನ ಹೂವಿನ ವಾಸನೆಯ ಗಾಳಿ ಬಂತು.